ಜೊತೆಗೆ ಬಂದ ಹನ್ನೊಂದು ಜನ

ಹೇಳಿಕೆ ಕೊಡುವವನು: ಬದರೀನಾರಾಯಣ, ತಂದೆ ದಿವಂಗತ ಶಾಮರಾಯ, ವಯಸ್ಸು ೬೩ ವರ್ಷ, ಉದ್ಯೋಗ ಗೋಪಾಲಕೃಷ್ಣ ಯಾತ್ರಿನಿವಾಸದ ವ್ಯವಸ್ಥಾಪಕ, ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ಪಾತ್ರಧಾರಿ, ವಾಸ ಹನುಮಾನ್ ಘಾಟ್, ವಾರಾಣಸಿ.

ನನಗೆ ಹಿಂದಿಯಲ್ಲಿ ಮಾತಾಡಲು ಬರುತ್ತದೆ, ಬರೆಯಲು ಬಾರದು. ಆದ್ದರಿಂದ ಠಾಣೆಯ ಸಾಹೇಬರ ಅನುಮತಿಯಂತೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ನನ್ನ ಮಗಳು ಮೈತ್ರೇಯಿ ಇದನ್ನು ಬರೆದುಕೊಂಡು ಆಮೇಲೆ ಹಿಂದಿಗೆ ಮಾಡಿಕೊಡುತ್ತಾಳೆ. ವಿಷಯ ಬಿಟ್ಟು ಹೋಗಬಾರದೆಂದು ಅವಳು ಈಗಾಗಲೇ ಎರಡು ಸಲ ಎಚ್ಚರಿಸಿದ್ದಾಳೆ. ಹೋಗುವುದಿಲ್ಲ.

ಈ ಮೂಲಕ ನಾನು ತಿಳಿಸಿಕೊಳ್ಳುವುದು ಏನೆಂದರೆ, ನಮ್ಮ ನಿವಾಸದಲ್ಲಿ ತಂಗಿದ್ದ ಅಂಬುಜಾಕ್ಷಿ ಎಂಬ ಎಪ್ಪತ್ತು ದಾಟಿದ ಹೆಂಗಸು ನಿನ್ನೆ ಬುಧವಾರ, ೧೧ ನವೆಂಬರ್ ೨೦೦೯ರ ಬೆಳಿಗ್ಗೆಯಿಂದ ಕಾಣೆಯಾಗಿದ್ದಾರೆ. ಅವರ ಫೋಟೊವನ್ನು ಕಂಪ್ಯೂಟರಿನಿಂದ ಬೇಕೆಂದೇ ಅಳಿಸಿದ್ದಾನೆ ಎಂಬ ದೂರಿನ ಮೇಲೆ ನಿವಾಸದ ಗುಮಾಸ್ತ ಸುಮಧ್ವನನ್ನು ನಿನ್ನೆಯಿಂದ ಇದೇ ಠಾಣೆಯಲ್ಲಿ ಕೂರಿಸಿದ್ದೀರಿ. ಎರಡು ವಿಷಯದಲ್ಲೂ ನಾನು ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಸೋಮವಾರ ಸಂಜೆ ಗದಗಿನಿಂದ ಪ್ರಭಾಕರ ಎಂಬವರ ಯಜಮಾನಿಕೆಯಲ್ಲಿ ಒಂದು ಗುಂಪು ಬಂತು. ಯಜಮಾನರನ್ನು ಸೇರಿಸಿ ಹನ್ನೆರಡು ಜನ. ನಾಲ್ಕನೇ ನಂಬರಿನ ದೊಡ್ಡ ಕೋಣೆಯನ್ನೂ ಪಕ್ಕದ ಸಣ್ಣದನ್ನೂ ಕೊಟ್ಟೆ. ಅಂಬುಜಾಕ್ಷಿಯವರು ಪ್ರಭಾಕರರ ಹೆಂಡತಿಯ ಸೋದರತ್ತೆ. ಆ ಹೆಂಡತಿ ಕಾಲುನೋವೆಂದು ಊರಲ್ಲೇ ಉಳಿದಿದ್ದರು. ಹೀಗಾಗಿ ಗುಂಪಿನಲ್ಲಿ ಈ ಹೆಂಗಸನ್ನು ತನ್ನವರು ಎನ್ನುವವರು ಯಾರೂ ಇರಲಿಲ್ಲ. ಇದು ನನಗೆ ನಿನ್ನೆ ತಿಳಿದದ್ದು. ಬಂದ ದಿನ ಅವರು ನನಗೆ ಹನ್ನೆರಡರಲ್ಲಿ ಒಬ್ಬರು, ಅಷ್ಟೇ.

ನಮ್ಮ ನಿವಾಸದಲ್ಲಿ ಬಂದವರ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ ಇದೆ. ಆ ಕಂಪ್ಯೂಟರನ್ನು ಒಬ್ಬ ಭಕ್ತರು ದಾನವಾಗಿ ಕೊಟ್ಟದ್ದು. ಅದರಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಸಿಗುವ ವ್ಯವಸ್ಥೆಯನ್ನು ಹಾಕಿ ನಡೆಸುತ್ತಿದ್ದವನು ಸುಮಧ್ವ. ಅವನು ನಮ್ಮ ಗಲ್ಲಿಯ ಪುರೋಹಿತರ ಮನೆಯ ಹುಡುಗ, ಇಪ್ಪತ್ತನಾಲ್ಕು ವರ್ಷ, ನನ್ನನ್ನು ಮಾಮಾ ಎಂದು ಕರೆಯುತ್ತಾನೆ. ಮಂತ್ರ ಬಾಯಿಗೆ ಬರಲಿಲ್ಲ, ಕಂಪ್ಯೂಟರ್ ಕೈಗೆ ಬಂತು ಎಂದು ಅವನ ಅಪ್ಪನಿಗೆ ಸಿಟ್ಟು. ಗಂಗೆಯ ದಂಡೆಯಲ್ಲಿ ಬೆಳೆದವನಾದ್ದರಿಂದ ಕನ್ನಡ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಾನೆ. ಸುಳ್ಳು ಹೇಳಲು ಎರಡು ಭಾಷೆಯಲ್ಲೂ ಬಾರದು.

ನಿನ್ನೆ ಬೆಳಿಗ್ಗೆ ಐದೂವರೆಗೆ ನಾನು ಅಂಗಳದ ನಲ್ಲಿಯ ಬಳಿ ನಿಂತಿದ್ದೆ. ಅಂಬುಜಾಕ್ಷಿಯವರು ಒಂದು ತಾಮ್ರದ ತಂಬಿಗೆ ಹಿಡಿದು ಬಂದರು. ಹಸಿರು ಸೀರೆ, ಮೇಲೆ ಕಂದು ಬಣ್ಣದ ಶಾಲು. "ಗಾಡಿ ಎಷ್ಟಕ್ಕ ಬರ್ತದಪಾ?" ಎಂದು ಕೇಳಿದರು. ಎಂಟಕ್ಕೆ ಎಂದೆ. ಅವರು ಮುಖವನ್ನು ಹೊರಳಿಸಿ ಎಡಗಿವಿಯನ್ನು ನನ್ನ ಕಡೆಗೆ ಕೊಟ್ಟರು. ನಾನು ಮತ್ತೆ ಎಂಟಕ್ಕೆ ಎಂದು, ಈ ಸಲ ನನ್ನ ನಾಟಕ ಕಂಪನಿಯ ದನಿಯಲ್ಲಿ ಹೇಳಿದೆ. ಅವರು ನಕ್ಕು, "ಇಷ್ಟ್ಯಾಕ ಒದರ್ತಿ, ಗಂಗವ್ವಗೂ ಕೇಳಿಸ್ತು. ಮುಳುಗು ಹಾಕಿ, ಊರಿಗಿ ಒಂದ್ ತಂಬಿಗಿ ನೀರ್ ತುಂಬ್ಕೊಂಡ್ ಬರ್ತೀನಿ" ಎಂದು ಹೇಳಿ ಮೆಟ್ಟಿಲಿಳಿದರು. ನಾನು ಅವರೊಡನೆ ಆಡಿದ ಮಾತು ಇಷ್ಟೇ. ಎಂಟಕ್ಕೆ ಎಂಬ ಒಂದು ಮಾತು. ಅದೂ ಸುಳ್ಳಾಯಿತು.

ಹೇಗೆಂದರೆ, ಯಾವುದೋ ಮೆರವಣಿಗೆಗಾಗಿ ದೊಡ್ಡ ರಸ್ತೆಯನ್ನು ಎಂಟರ ಮೇಲೆ ಮುಚ್ಚುತ್ತಾರೆಂದು ಸುದ್ದಿ ಬಂದು, ಆಟೋದವರು ಏಳಕ್ಕೇ ಬಂದು ಗಲ್ಲಿಯ ತುದಿಯಲ್ಲಿ ಹಾರ್ನ್ ಹೊಡೆದರು. ನಮ್ಮ ಗಲ್ಲಿಗೆ ಗಾಡಿ ಬರುವುದಿಲ್ಲ, ಗಂಟುಮೂಟೆ ಹೊತ್ತು ಸೋನಾರ್‌ಪುರಾ ರಸ್ತೆಯವರೆಗೆ ನಡೆಯಬೇಕು. ಮುಗಲ್‌ಸರಾಯ್ ಸ್ಟೇಷನ್ನಿಗೆ ಹೊರಟ ಗುಂಪು ಮೂರು ಆಟೋದಲ್ಲಿ ಹಂಚಿಹೋಯಿತು. ಮುದುಕಿ ಹಿಂದಿನ ಗಾಡಿಯಲ್ಲಿದ್ದಾರೆ ಎಂದು ಮುಂದಿನವರು, ಮುಂದಿನದರಲ್ಲಿದ್ದಾರೆ ಎಂದು ಹಿಂದಿನವರು. ನಾನು ಬಾಗಿಲಲ್ಲಿ ನಿಂತು ದಾರಿಗೆಂದು ಕಟ್ಟಿಸಿದ ಹನ್ನೆರಡು ಅವಲಕ್ಕಿ ಪೊಟ್ಟಣಗಳನ್ನು ಪ್ರಭಾಕರರ ಕೈಗೆ ಕೊಟ್ಟೆ. ಪೊಟ್ಟಣ ಎಣಿಸಿದೆ. ತಲೆ ಎಣಿಸಲಿಲ್ಲ.

ಏಳೂಕಾಲಕ್ಕೆ ಸುಮಧ್ವ ಕಂಪ್ಯೂಟರಿನಲ್ಲಿ ಪ್ರಭಾಕರರು ಹೊರಟರು ಎಂದು ನಮೂದಿಸಿದ. ಒಡನೆ ನಾಲ್ಕನೇ ಕೋಣೆ ಖಾಲಿ ಎಂದು ತೋರಿತು. ಅಡುಗೆಯ ಶ್ರೀರಮಾಬಾಯಿ ಕೋಣೆ ಗುಡಿಸಿದರು. ಮೂಲೆಯಲ್ಲಿದ್ದ ಒಂದು ಬಟ್ಟೆಯ ಗಂಟನ್ನು, ಯಾರೋ ಬಿಟ್ಟುಹೋದದ್ದೆಂದು, ನಾವು ಬಿಟ್ಟುಹೋದ ವಸ್ತುಗಳನ್ನು ಹಾಕುವ ಪೆಟ್ಟಿಗೆಗೆ ಹಾಕಿದರು. ಏಳೂವರೆಗೆ ಧಾರವಾಡದ ಗುಂಪು ಬಂದು ಅದೇ ಕೋಣೆಗೆ ಇಳಿಯಿತು. ಇವರ ಯಜಮಾನರ ಫೋಟೊ ತೆಗೆಯಲು ಹೋದಾಗ ಕಂಪ್ಯೂಟರು ಜಾಗವಿಲ್ಲ ಎಂದು ಹಟ ಹಿಡಿಯಿತು.

"ಅರೇ ಮಾಮಾ, ಡಿಸ್ಕ್ ಪೂರಾ ಭರ್ ಗಯಾ. ಸ್ವಲ್ಪ ಸಾಫ್ ಮಾಡ್ತೀನಿ" ಎಂದು ಸುಮಧ್ವ ಹೇಳಿದ. ಮಾಡು ಎಂದೆ. ಆಗ ಏಳು ಮುಕ್ಕಾಲು.

ಇಲ್ಲಿಂದ ಮುಂದೆ ನಡೆದದ್ದನ್ನು ಸಾಹೇಬರು ಅಪರಾಧ ಎನ್ನುತ್ತಿದ್ದಾರೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನಿವಾಸದಲ್ಲಿ ಯಾರೂ ಬಳಸದ, ಅಂಚೆ ನೋಡುವ ಒಂದು ಪ್ರೋಗ್ರಾಂ ಅದರಲ್ಲಿತ್ತು. ಅದನ್ನು ತೆಗೆದುಹಾಕು ಎಂದು ಅವನು ಆಜ್ಞೆ ಕೊಟ್ಟ. ಅದರೊಡನೆ ಇನ್ನೊಂದೂ ಹೋಯಿತು. ಆ ಇನ್ನೊಂದು ಎಂಬುದು ಬರೀ ಒಂದು ಹೆಸರಂತೆ, ಒಳಗೆ ಏನೂ ಇಲ್ಲವಂತೆ. ಆದರೆ ಪರದೆಯ ಮೇಲೆ ಚಿತ್ರ ಮೂಡಿಸುವುದು, ಇಂಟರ್‌ನೆಟ್ ಹಿಡಿಯುವುದು, ಫೋಟೊ ತೆಗೆಯುವುದು, ತೋರಿಸುವುದು, ಎಲ್ಲವೂ ಆ ಮಶೀನಿಗೆ ಬಂದದ್ದು ಆ ಒಂದು ಹೆಸರಿನ ಜೊತೆಗೆ. ಇದು ನನಗೆ ನಿನ್ನೆ ಮಧ್ಯಾಹ್ನ ಅರ್ಥವಾಯಿತು, ಅದೂ ನಾಟಕ ಕಂಪನಿಯ ಲೆಕ್ಕದಲ್ಲಿ. ನಮ್ಮ ಕಂಪನಿಯಲ್ಲಿ ಯಜಮಾನರು ವೇಷ ಹಾಕುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ಪರದೆ ಎಳೆಯುತ್ತಿರಲಿಲ್ಲ. ಕರಪತ್ರದ ಮೇಲೆ ಅವರ ಹೆಸರು ಇರುತ್ತಿತ್ತು, ಅಷ್ಟೇ. ಆ ಹೆಸರು ಅಳಿಸಿದ ದಿನ ಹಾರ್ಮೋನಿಯಂ ಮಾಸ್ತರು ಯಾರು? ದೀಪದವನು ಯಾರು? ಸ್ತ್ರೀಪಾತ್ರದ ಅನ್ನದಾನಯ್ಯ ಯಾರು? ಯಾರೂ ಅಲ್ಲ! ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ನಡೆದದ್ದೇ. ನನ್ನ ತಂದೆಯೂ ಹಾಗೇ ನಡೆದವರು.

ಮೈತ್ರೇಯಿ ಪೆನ್ನು ಕೆಳಗಿಟ್ಟಿದ್ದಾಳೆ. ವಿಷಯಕ್ಕೆ ಬರುತ್ತೇನೆ.

ಆ ಹೆಸರು ಹೋದೊಡನೆ ಕಂಪ್ಯೂಟರು ಒಂದು ಉದ್ದದ ಪಟ್ಟಿ ತೋರಿಸಿತು. ಮುನ್ನೂರಕ್ಕೂ ಹೆಚ್ಚು ಹೆಸರು. ಸುಮಧ್ವ ಓದುತ್ತ ಓದುತ್ತ ತಡೆದ. "ಮಾಮಾ, ಬಹುತ್ ಜ್ಯಾದಾ ಇದೆ ಇದು. ಇವನ್ನ ಯಾರೂ ಕೇಳಿ ತರಿಸ್ಕೊಂಡಿಲ್ಲ, ಬೇರೆಯವ್ರ ಜೊತೆ ತಾವಾಗೇ ಬಂದವು, ಈಗ ಯಾರಿಗೂ ಬೇಡ, ತೆಗೀಲಾ ಅಂತ ಕೇಳ್ತಿದೆ" ಎಂದ. ತೆಗೆಯುವುದಾದರೆ ವೈ ಅಕ್ಷರ ಒತ್ತಬೇಕು. ಧಾರವಾಡದ ಯಜಮಾನರು ಟೊಪ್ಪಿಗೆ ತೆಗೆದು ಫೋಟೊಗೆಂದು ತಲೆ ಬಾಚಿಕೊಂಡು ಕುಳಿತಿದ್ದರು. ನಾನು, "ಯಾರಿಗೂ ಬೇಡದ್ದನ್ನ ಇಟ್ಕೊಂಡು ಆರತಿ ಎತ್ತುತ್ತೀಯೇನೋ? ಒತ್ತು!" ಎಂದೆ. ಅವನು ಒತ್ತಿದ. ಇದನ್ನು ಸಾಹೇಬರು ಗಮನಿಸಬೇಕು. ಬೆರಳು ಅವನದು, ಆಜ್ಞೆ ನನ್ನದು.

ಆ ಪಟ್ಟಿ ಕರಗುತ್ತಿರುವಾಗ, ಎಂಟಕ್ಕೆ ಇನ್ನೂ ಐದು ನಿಮಿಷ ಇರುವಾಗ, ಕಚೇರಿಯ ಕಿಟಕಿಯಿಂದ ಅಂಗಳದಲ್ಲಿ ಒಬ್ಬ ಮುದುಕಿಯನ್ನು ಕಂಡೆ. ನಾಲ್ಕನೇ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ಯಾರೋ ಒಬ್ಬರು ಹೊರಗೆ ಬಂದು ಏನೋ ಹೇಳಿ ಒಳಗೆ ಹೋದರು. ಮುದುಕಿ ಸ್ವಲ್ಪ ಹೊತ್ತು ಅಲ್ಲೇ ನಿಂತು, ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಧಾರವಾಡದ ಗುಂಪಿನವರು ಎಂದು ತಿಳಿದೆ. ಗದಗಿನವರು ಹೋಗಿ ಆಯಿತಲ್ಲ, ಯಜಮಾನರು ಹೊರಟರೆಂದು ಬರೆದೂ ಆಯಿತಲ್ಲ. ಕಣ್ಣು ಕಂಡದ್ದನ್ನು ತಲೆ ಒಪ್ಪಲಿಲ್ಲ. ಮತ್ತೆ ನೋಡಿದಾಗ ಅವರು ಅಲ್ಲಿರಲಿಲ್ಲ. ನನಗೂ ಅವರಿಗೂ ನಡುವೆ ಇದ್ದ ದೂರ ಹದಿನೈದು ಅಡಿ. ಕೂಗಿದ್ದರೆ ಎಡಗಿವಿ ಬೇಕಾಗಿರಲಿಲ್ಲ.

ಧಾರವಾಡದ ಗುಂಪಿನ ವಚನಾ ಎಂಬ ಹೆಣ್ಣುಮಗಳು ಆಮೇಲೆ ಹೇಳಿದ ಪ್ರಕಾರ, ಮುದುಕಿ ತಮ್ಮ ಗಂಟು ಕೇಳಿದರು. ಇಲ್ಲಿ ಯಾವ ಗಂಟೂ ಇಲ್ಲ ಅಜ್ಜಿ, ಇದು ನಮ್ಮ ಕೋಣೆ, ಮೊದಲಿದ್ದವರು ಹೋದರಂತೆ ಎಂದು ಆಕೆ ಹೇಳಿದಳು. "ಹೌದೇನವ್ವಾ, ಹೋದ್ರೇನು" ಎಂದಷ್ಟೇ ಹೇಳಿ ಅವರು ತಿರುಗಿದರು. ಆ ಹೆಣ್ಣುಮಗಳು ನಿನ್ನೆಯಿಂದ ಊಟ ಮಾಡಿಲ್ಲ. ಅವಳ ತಪ್ಪೇನೂ ಇಲ್ಲ. ಅವಳು ಹೇಳಿದ್ದು ನಿಜವೇ.

ಎಂಟೂ ಹತ್ತಕ್ಕೆ ಸುಮಧ್ವ ಕಂಪ್ಯೂಟರನ್ನು ಆರಿಸಿ ಹಚ್ಚಿದ. ಚಿತ್ರ ಬರಲಿಲ್ಲ. ಕಪ್ಪು ಪರದೆ, ಮೇಲ್ಗಡೆ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗೆರೆ, ಮಿಟುಕು, ಮಿಟುಕು. ಇಂಟರ್‌ನೆಟ್ ಇಲ್ಲ, ಹೋದದ್ದನ್ನು ಮತ್ತೆ ತರಿಸಿಕೊಳ್ಳುವ ದಾರಿಯೂ ಇಲ್ಲ. ಧಾರವಾಡದ ಯಜಮಾನರು ಟೊಪ್ಪಿಗೆ ಹಾಕಿಕೊಂಡು ಎದ್ದುಹೋದರು.

ಒಂಬತ್ತೂ ಐದಕ್ಕೆ ಪ್ರಭಾಕರರ ಫೋನು ಬಂತು. ಸ್ಟೇಷನ್ನಿನಲ್ಲಿ ಅವಲಕ್ಕಿ ಹಂಚಿದಾಗ ಒಂದು ಪೊಟ್ಟಣ ಕೈಯಲ್ಲಿ ಉಳಿಯಿತಂತೆ. "ಅತ್ತಿ ಅಲ್ಲೇ ಅದಾರೇನ್ರಿ?" ಎಂದು ಕೇಳಿದರು. ಯಾವ ಅತ್ತೆ ಎಂದು ನಾನು ಕೇಳಿದೆ. ಸಾಹೇಬರೇ, ಹಾಗೇ ಕೇಳಿದೆ. ಹಸಿರು ಸೀರೆ, ತಾಮ್ರದ ತಂಬಿಗೆ ಎಂದು ಅವರು ಹೇಳುತ್ತಿದ್ದಂತೆ ನಾನು ಫೋನು ಇಟ್ಟು ಸುಮಧ್ವನನ್ನು ಕೂಗಿದೆ.

ನಾನೂ ಸುಮಧ್ವನೂ ಘಾಟಿಗೆ ಓಡಿದೆವು. ನಾನು ಹರಿಶ್ಚಂದ್ರ ಘಾಟಿನ ಕಡೆಗೆ, ಅವನು ಅಸ್ಸಿಯ ಕಡೆಗೆ. ಹತ್ತೂಕಾಲಕ್ಕೆ ಬರಿಗೈಯಲ್ಲಿ ಮರಳಿದೆವು. ಗುಂಪನ್ನು ರೈಲು ಹತ್ತಿಸಿ ಪ್ರಭಾಕರರು ಒಬ್ಬರೇ ಬಂದರು. ಉಳಿದ ಪೊಟ್ಟಣ ಅವರ ಕೈಯಲ್ಲೇ ಇತ್ತು. ನಾವು ಸುದ್ದಿ ಕೊಟ್ಟ ಮೇಲೆ ಹತ್ತೂ ಮುಕ್ಕಾಲಕ್ಕೆ ಠಾಣೆಯಿಂದ ದಫೇದಾರರು ಬಂದು, ಹೆಂಗಸಿನ ಫೋಟೊ ಕೊಟ್ಟರೆ ಘಾಟುಗಳಿಗೂ ಸ್ಟೇಷನ್ನುಗಳಿಗೂ ಕಳಿಸುತ್ತೇವೆ ಎಂದರು. ಎಲ್ಲರೂ ಕಪ್ಪು ಪರದೆಯನ್ನು ನೋಡಿದೆವು. ಸುಮಧ್ವ, ಫೋಟೊಗಳು ಒಳಗೇ ಇವೆ, ಒಂದೂ ಹೋಗಿಲ್ಲ, ತೋರಿಸುವ ಪ್ರೋಗ್ರಾಂ ಮಾತ್ರ ಹೋಗಿದೆ ಎಂದು ಹೇಳಿ ಕೀಲಿಗಳ ಮೇಲೆ ಕೈಯಿಟ್ಟ. ದಫೇದಾರರು ಅವನ ಕೈ ಹಿಡಿದು, ಇನ್ನೇನನ್ನೂ ಮುಟ್ಟಬೇಡ ಎಂದರು. ಇಷ್ಟು ದಿನ ಬಿಟ್ಟು, ಮುದುಕಿ ಕಾಣೆಯಾದ ಹೊತ್ತಿಗೇ ಮಶೀನು ಸಾಫು ಮಾಡಿದೆಯಾ ಪಂಡಿತ್, ಸಾಫು ಮಾಡಿದ್ದು ಮಶೀನನ್ನೋ ಸಾಕ್ಷಿಯನ್ನೋ ಎಂದು ನಕ್ಕರು. ಪ್ರಭಾಕರರು, "ಇವನ್ನ ಬಿಡಬ್ಯಾಡ್ರಿ ಸಾಹೇಬ್ರ! ನಮ್ಮತ್ತಿ ಮೈಮ್ಯಾಲೆ ಎರಡು ಬಂಗಾರದ ಬಳಿ ಇದ್ವು" ಎಂದು ಕೂಗಾಡಿದರು. ಹನ್ನೊಂದೂಕಾಲಕ್ಕೆ ಅವನನ್ನು ಕರೆದೊಯ್ದರು. ಅವನು ಗಲ್ಲಿ ತಿರುಗುವಾಗ ನನ್ನನ್ನು ನೋಡಿದ. ಮಾಮಾ, ನೀವು ಹೇಳಿದ್ದಲ್ಲವೇ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಡೀ ಮಧ್ಯಾಹ್ನ ನಾವು ಫೋಟೊ ಫೋಟೊ ಎಂದು ಕುಳಿತೆವು. ಆ ಕಂಪ್ಯೂಟರ್ ಪೆಟ್ಟಿಗೆ ಬಾಯಿ ಬಿಟ್ಟರೆ ಮುಗಿಯಿತು, ಮುಖ ಸಿಕ್ಕರೆ ಹೆಂಗಸು ಸಿಕ್ಕ ಹಾಗೇ ಎಂದು ಎಲ್ಲರ ನಂಬಿಕೆ. ಆ ಹೊತ್ತಿನಲ್ಲಿ ನಾಲ್ಕು ಜನ ನಾಲ್ಕು ಘಾಟಿಗೆ ಹೋಗಬಹುದಿತ್ತು. ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಸುಮಧ್ವನ ಬೇಡಿಕೆಯಂತೆ ದಫೇದಾರರು ಅವನನ್ನು ನಿವಾಸಕ್ಕೆ ಕರೆತಂದರು. ಅವನು ತನ್ನ ಮನೆಯಿಂದ ಒಂದು ಸಿಡಿ ತರಿಸಿ, ಅದರಿಂದ ಕಂಪ್ಯೂಟರನ್ನು ಎಬ್ಬಿಸಿದ. ಮೂರು ನಾಲ್ಕು ನಿಮಿಷದಲ್ಲಿ ಪರದೆ ಬೆಳಗಿತು. ಎಲ್ಲ ಇತ್ತು. ಹೋದ ವರ್ಷ ಬಂದವರೂ ಇದ್ದರು, ಮೊನ್ನೆ ಬಂದವರೂ ಇದ್ದರು. ಒಂದು ಮುಖವೂ ಅಳಿಸಿರಲಿಲ್ಲ. ಪ್ರಭಾಕರರು ಕುರ್ಚಿಯಿಂದ ಎದ್ದು ನಿಂತರು. ದಫೇದಾರರೇ ಬೆರಳು ಮಾಡಿ, ಸೋಮವಾರದ್ದು ತೆಗೆ ಎಂದರು.

ತೆಗೆದ.

ಒಂದು ಫೋಟೊ. ಅದರಲ್ಲಿ ಪ್ರಭಾಕರರು. ಹಣೆಗೆ ಗಂಧ, ಹೆಗಲಿಗೆ ಜರಿಯ ಶಲ್ಯ, ನಗುಮುಖ. ಕೆಳಗೆ ಬರೆದದ್ದು: ಪ್ರಭಾಕರ, ಗದಗ, ಜೊತೆಗೆ ಹನ್ನೊಂದು ಜನ.

ಮುಂದಿನದು ತೆಗೆ ಎಂದರು ದಫೇದಾರರು. ಮುಂದಿನದು ಬೇರೆ ಗುಂಪಿನ ಯಜಮಾನರದು. ನಮ್ಮಲ್ಲಿ ಯಜಮಾನರ ಫೋಟೊ ಮಾತ್ರ ತೆಗೆಯುವುದು. ಈ ಗಲ್ಲಿಯಲ್ಲಿ ನನಗೆ ತಿಳಿದ ಎಲ್ಲ ನಿವಾಸಗಳಲ್ಲೂ ಹಾಗೇ. ಗುಂಪು ಬಂದರೆ ಯಜಮಾನ ಬಂದ, ಗುಂಪು ಹೋದರೆ ಯಜಮಾನ ಹೋದ. ಪಿಂಡ ಇಡುವುದಕ್ಕೂ ಅವನನ್ನೇ ಮುಂದೆ ಕೂರಿಸುತ್ತೇವೆ, ಉಳಿದವರು ದರ್ಭೆಯ ತುದಿ ಮುಟ್ಟಿದರೆ ಸಾಕು. ಇದು ನಮಗೆಲ್ಲ ಗೊತ್ತಿತ್ತು. ನನಗೆ ಗೊತ್ತಿತ್ತು, ಸುಮಧ್ವನಿಗೆ ಗೊತ್ತಿತ್ತು, ಸೋಮವಾರ ಕ್ಯಾಮೆರಾದ ಮುಂದೆ ಒಬ್ಬರೇ ಕುಳಿತ ಪ್ರಭಾಕರರಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆಯಿಂದ ಆ ಪೆಟ್ಟಿಗೆಯೊಳಗೆ ಆಕೆಯ ಮುಖ ಇದೆ ಎಂದು ಎಲ್ಲರೂ ನಂಬಿದ್ದೆವು. ಅಳಿಸಿದ್ದು ಒಬ್ಬ ಹುಡುಗ ಎಂದೂ ನಂಬಿದ್ದೆವು. ಇಲ್ಲದ್ದನ್ನು ಅಳಿಸುವುದು ಹೇಗೆ?

ಆ ಫೋಟೊದ ಬಲ ಅಂಚಿನಲ್ಲಿ, ಪ್ರಭಾಕರರ ಭುಜದ ಹಿಂದೆ, ಹಸಿರು ಸೀರೆಯ ಒಂದು ಚೂರು ಇದೆ. ಒಂದು ಕೈ ಇದೆ. ಆ ಕೈಯಲ್ಲಿ ತಾಮ್ರದ ತಂಬಿಗೆ ಇದೆ. ಮಣಿಕಟ್ಟಿನಲ್ಲಿ ಒಂದೇ ಬಳೆ ಕಾಣುತ್ತದೆ, ಅದು ಬಂಗಾರದ್ದೋ ಅಲ್ಲವೋ ಹೇಳಲಾರೆ. ಮುಖ ಇಲ್ಲ. ಪ್ರಭಾಕರರು ಪರದೆಗೆ ಬಗ್ಗಿ ನೋಡಿದರು. ಆಮೇಲೆ, "ಅತ್ತಿ ಕೈಯೇ ಅದು" ಎಂದು ಕೂತುಬಿಟ್ಟರು. ಅವಲಕ್ಕಿ ಪೊಟ್ಟಣ ಮೇಜಿನ ಮೇಲೆ ಇತ್ತು. ಇರುವೆ ಮುತ್ತಿತ್ತು.

ಬಳೆಯ ಮಾತು ಇನ್ನೂ ಮುಗಿದಿಲ್ಲವೆಂದು ದಫೇದಾರರು ಸುಮಧ್ವನನ್ನು ಮತ್ತೆ ಠಾಣೆಗೇ ಕರೆದೊಯ್ದರು. ಆಮೇಲೆ ಸಿಕ್ಕ ಸುಳಿವು ಒಂದೇ. ಅಸ್ಸಿಯ ಒಬ್ಬ ಚಹಾದವರು ಹೇಳಿದ ಪ್ರಕಾರ, ನಿನ್ನೆ ಹತ್ತು ಗಂಟೆ ಹೊತ್ತಿಗೆ ಒದ್ದೆ ಸೀರೆಯ ಒಬ್ಬ ಅಮ್ಮ ಅವರ ಬೆಂಚಿನ ಮೇಲೆ ಕುಳಿತು ಏನೋ ಕೇಳಿದರು. ಭಾಷೆ ತಿಳಿಯಲಿಲ್ಲ. ಕುಲ್ಹಡ ಎಂಬ ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟರೆ ಎರಡೂ ಕೈಯಿಂದ ಹಿಡಿದು ಕುಡಿದು, ತಂಬಿಗೆ ಎತ್ತಿಕೊಂಡು, ಕೈಮುಗಿದು, ರಸ್ತೆಯ ಕಡೆ ನಡೆದರು. ಸುಮಧ್ವ ಆ ಅಂಗಡಿಯ ಮುಂದೆಯೇ ಓಡಿಹೋಗಿದ್ದ. ಎಷ್ಟು ಹೊತ್ತಿನ ಅಂತರವೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ದೋಣಿ ಮಾಡಿಕೊಂಡು ಅಸ್ಸಿಯಿಂದ ದಶಾಶ್ವಮೇಧದವರೆಗೆ ಹೆಸರು ಹಿಡಿದು ಕೂಗುತ್ತ ಹೋದೆ. ಅಂಬುಜಾಕ್ಷಮ್ಮಾ! ಅಂಬುಜಾಕ್ಷಮ್ಮಾ! ಒಂದು ಕಾಲಕ್ಕೆ ಮೈಕಿಲ್ಲದೆ ಎರಡು ಸಾವಿರ ಜನಕ್ಕೆ ಮುಟ್ಟಿಸಿದ ದನಿ ಇದು. ದಶಾಶ್ವಮೇಧದಲ್ಲಿ ಆರತಿಯ ಗಂಟೆ, ಲೌಡ್‌ಸ್ಪೀಕರು ಎದ್ದವು. ನನ್ನ ದನಿ ನನಗೇ ಕೇಳದಾಯಿತು. ನಿನ್ನೆಗೆ ಮೊದಲು ಆ ಹೆಸರನ್ನು ನಾನು ಒಮ್ಮೆಯೂ ಉಚ್ಚರಿಸಿರಲಿಲ್ಲ ಎಂಬುದು ದೋಣಿಯಲ್ಲಿ ನೆನಪಾಯಿತು.

ಸಾಹೇಬರು ಕೇಳಿದ್ದಕ್ಕೆ ಉತ್ತರ: ಸುಮಧ್ವ ಬೇಕೆಂದು ಏನನ್ನೂ ಅಳಿಸಿಲ್ಲ. ಅವನಿಂದ ಹೋದದ್ದು ಪ್ರೋಗ್ರಾಂಗಳು, ಅವು ಇಂಟರ್‌ನೆಟ್ ಇದ್ದರೆ ಒಂದು ದಿನದಲ್ಲಿ ಮರಳಿ ಬರುತ್ತವೆ. ಅವನನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಹುಡುಕುವುದಕ್ಕೆ ಕನ್ನಡ ಬರುವ ಕಾಲುಗಳು ಬೇಕಾಗಿವೆ.

ಫೋಟೊದ ಬದಲಿಗೆ ಗುರುತು ಹೇಳುತ್ತೇನೆ. ಎತ್ತರ ನನ್ನ ಭುಜದಷ್ಟು. ಬಣ್ಣ ಎಣ್ಣೆಗೆಂಪು. ನಡೆಯುವಾಗ ಬಲಗಾಲನ್ನು ಮೊದಲು ನೆಲದ ಮೇಲೆ ಇಟ್ಟು ನೋಡಿ ಆಮೇಲೆ ಭಾರ ಹಾಕುತ್ತಾರೆ. ನಕ್ಕರೆ ಮೇಲುಹಲ್ಲಿನಲ್ಲಿ ಒಂದು ಸಂದು. ಬಲಗಿವಿ ಕೇಳುವುದಿಲ್ಲ, ಎಡಗಡೆಯಿಂದ ಮಾತಾಡಿಸಬೇಕು. ಹಿಂದಿಯಲ್ಲಿ ಹೆಸರು, ಊರು, ಯಾರ ಜೊತೆ ಬಂದೆ ಎಂದು ಕೇಳಬೇಡಿ, ಹೆದರುತ್ತಾರೆ. ಅಂಬುಜಾಕ್ಷಮ್ಮ ಎಂದು ಕರೆದು, ಗಾಡಿ ಇನ್ನೂ ಹೋಗಿಲ್ಲ ಎಂದು ಹೇಳಬೇಕು. ಹಾಗೆ ಹೇಳಲು ಠಾಣೆಯಲ್ಲಿ ಯಾರೂ ಇಲ್ಲದಿದ್ದರೆ, ಯಾವ ಹೊತ್ತಿಗಾದರೂ ನನ್ನನ್ನು ಕರೆಸಿ. ಆಸ್ಪತ್ರೆಯಾದರೂ ಸರಿ, ಹೆಣದ ಕೋಣೆಯಾದರೂ ಸರಿ, ಬರುತ್ತೇನೆ.

ಇಂದು ಬೆಳಿಗ್ಗೆ ಧಾರವಾಡದವರನ್ನು ಬೇರೆ ಕೋಣೆಗೆ ಕಳಿಸಿ, ಬಿಟ್ಟುಹೋದ ವಸ್ತುಗಳ ಪೆಟ್ಟಿಗೆಯಿಂದ ಆ ಗಂಟನ್ನು ತೆಗೆದು, ನಾಲ್ಕನೇ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಗಂಟನ್ನು ಬಿಚ್ಚಿಲ್ಲ. ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ: ಅಂಬುಜಾಕ್ಷಮ್ಮ, ಗದಗ. ಯಜಮಾನರು, ಅವರೇ.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಮೈತ್ರೇಯಿ ಓದಿ ಹೇಳಿದಳು, ಕೇಳಿ ಸರಿ ಎಂದು ಒಪ್ಪಿದ್ದೇನೆ. ಇದರಲ್ಲಿ ಬಣ್ಣ ಹಚ್ಚಿದ್ದು ಯಾವುದೂ ಇಲ್ಲ.

ಸ್ಥಳ: ವಾರಾಣಸಿ
ದಿನಾಂಕ: ೧೨ ನವೆಂಬರ್ ೨೦೦೯, ಹಗಲು ಹನ್ನೊಂದು ಗಂಟೆ
ಸಹಿ: ಬದರೀನಾರಾಯಣ
ಬರೆದುಕೊಂಡವರು: ಮೈತ್ರೇಯಿ